ಐದು ಸೋಲು, ಒಂದು ವಿಸಿಲ್

ಹೋದ ವರ್ಷ ಗೋಣಿಬೀಡು ಹತ್ರದ ಒಂದು ಎಸ್ಟೇಟಲ್ಲಿ ನಾನು ಅಮೇರಿಕನ್ ಫುಟ್‌ಬಾಲ್ ಟೀಮಿನ ಮ್ಯಾನೇಜರ್ ಆಗಿದ್ದೆ. ವಯಸ್ಸು ಹದಿನಾರು. ಇಷ್ಟು ಚಿಕ್ಕ ವಯಸ್ಸಿಗೆ ಆ ಹುದ್ದೆಗೇರಿದವ್ರು ಇಡೀ ಏಷ್ಯಾದಲ್ಲೇ ಇಲ್ಲ. ಯಾರೂ ವಿಚಾರಿಸಿಲ್ಲ, ಅದು ಬೇರೆ ಮಾತು.

ನಮ್ಮ ಸಾಹುಕಾರ್ರು ಟೀವೀಲಿ ಆ ಆಟ ನೋಡಿ ಹುಚ್ಚು ಹತ್ತಿಸ್ಕೊಂಡಿದ್ರು. ಹೆಸರಿಗೆ ಫುಟ್‌ಬಾಲ್, ಆದ್ರೆ ಚೆಂಡು ಎಳೇ ಹಲಸಿನಕಾಯಿ ಥರ. ಅದನ್ನ ಬಗಲಲ್ಲಿ ಅವುಚ್ಕೊಂಡು ಓಡಿ ಎದುರಿನೋರ ಗೆರೆ ದಾಟ್ಬೇಕು. ಕಾಫಿ ಕುಯ್ಲು ಮುಗಿದಿತ್ತು. ಆಳುಗಳಲ್ಲೇ ಹನ್ನೊಂದು ಜನನ್ನ ಆರಿಸಿದ್ರು. ಆಡಿದ ದಿನ ಪೂರ್ತಿ ಹಾಜರಿ, ಪೂರ್ತಿ ಕೂಲಿ, ಹಾಗಾಗಿ ನಮ್ದು ಪ್ರೊಫೆಷನಲ್ ಟೀಮು. ಕೋಚು ರುದ್ರಣ್ಣ ಮೇಸ್ತ್ರಿ. ಮೂವತ್ತು ವರ್ಷದಿಂದ ಸಂಜೆ ನಾಲ್ಕೂವರೆಗೆ ವಿಸಿಲ್ ಹೊಡೆದು ಆಳುಗಳ ಕೆಲಸ ಬಿಡಿಸೋರು ಅವ್ರೇ. ಅವ್ರು ಗಡಿಯಾರ ನೋಡಲ್ಲ, ಗಡಿಯಾರಗಳೇ ಅವ್ರನ್ನ ನೋಡಿ ಸರಿಯಾಗ್ತವೆ.

ಎದುರಾಳಿ ಚಿಕ್ಕಮಗಳೂರಿನ ಕಾಲೇಜು ಹುಡುಗ್ರು. ಐದು ಮ್ಯಾಚಲ್ಲಿ ಮೊದಲ ನಾಲ್ಕೂ ಸೋತ್ವಿ, ಆದ್ರೂ ಲೀಗಲ್ಲಿ ಎರಡನೇ ಸ್ಥಾನ ಬಿಟ್ಟುಕೊಡ್ಲಿಲ್ಲ. ಇದ್ದದ್ದೇ ಎರಡು ಟೀಮು. ಒಂದ್ಸಲ ನಮ್ಮ ಸುಂದ್ರ ಓಡಿದ ರಭಸಕ್ಕೆ ದೇವರಮನೆ ಗುಡ್ಡದ ಹುಲ್ಲೆಲ್ಲ ಬಾಗಿತ್ತು. ಓಡಿದ್ದು ನಮ್ಮ ಗೆರೆ ಕಡೆಗೆ, ಅಷ್ಟೇ.

ಐದನೇದೂ ಸೋತ್ರೆ ಟೀಮು ಬಂದ್, ಮೈದಾನದಲ್ಲಿ ಮೆಣಸಿನ ಬಳ್ಳಿ ನರ್ಸರಿ ಅಂತ ಸಾಹುಕಾರ್ರು ಹೇಳ್ಬಿಟ್ರು. ರುದ್ರಣ್ಣ ಆ ವಾರ ಸರಿಯಾಗಿ ಊಟ ಮಾಡ್ಲಿಲ್ಲ.

"ಮೂವತ್ತು ವರ್ಷ ನನ್ನ ಕಂಡ್ರೆ ಆಳುಗಳು ಮಾತು ನಿಲ್ಲಿಸ್ತಿದ್ರು ಮಾರಾಯ," ಅಂದ್ರು. "ಈ ಟೀಮು ಆದ್ಮೇಲೆ ಪಕ್ಕಕ್ಕೆ ಕರ್ದು ಕೂರಿಸ್ಕೊಳ್ತಾರೆ."

ಕೊನೇ ಮ್ಯಾಚು ಸಮಸಮ ಇತ್ತು. ಕೊನೇ ನಿಮಿಷ. ಸುಂದ್ರ ಈ ಸಲ ಸರಿಯಾದ ದಿಕ್ಕಿಗೇ ಓಡ್ತಿದ್ದ. ಗೆರೆಗೆ ನಾಲ್ಕೇ ಹೆಜ್ಜೆ. ಅಷ್ಟರಲ್ಲಿ ನಾಲ್ಕೂವರೆ ಆಯ್ತು. ರುದ್ರಣ್ಣನ ಕೈ ತಾನಾಗೇ ಮೇಲೆ ಹೋಯ್ತು, ವಿಸಿಲ್ ಕೂಗ್ತು. ಸುಂದ್ರ ಚೆಂಡನ್ನ ಜೋಪಾನವಾಗಿ ನೆಲದ ಮೇಲಿಟ್ಟ, ಕೈ ಒರೆಸ್ಕೊಂಡ. ಹನ್ನೊಂದು ಜನಾನೂ ಹಾಜರಿ ಹಾಕ್ಸೋಕೆ ಸಾಲಾಗಿ ನಿಂತ್ರು. ಕಾಲೇಜು ಹುಡುಗ ಒಬ್ಬ ಚೆಂಡು ಎತ್ಕೊಂಡು ಮೈದಾನದ ಆ ತುದೀಲಿದ್ದ ನಮ್ಮ ಗೆರೆ ದಾಟೋವರೆಗೂ ಆರಾಮಾಗಿ ನಡ್ಕೊಂಡೇ ಹೋದ.

ಯಾರು ವಿಸಿಲ್ ಹೊಡೆದದ್ದು ಅಂತ ಸಾಹುಕಾರ್ರು ಕೇಳಿದ್ರು. ರುದ್ರಣ್ಣ ನೆಲ ನೋಡ್ತಿದ್ರು. ಆ ಸೀಸನ್ನಲ್ಲಿ ನಾನು ಬಿಟ್ಟ ಬುರುಡೆಗಳಲ್ಲಿ ಇದೇ ಅತೀ ಚಿಕ್ಕದು:

"ನಾನೇ, ಸಾಹುಕಾರ್ರೇ."

ಅವ್ರು ರುದ್ರಣ್ಣನ ಕೊರಳಲ್ಲಿ ಇನ್ನೂ ತೂಗಾಡ್ತಿದ್ದ ವಿಸಿಲನ್ನ ಸ್ವಲ್ಪ ಹೊತ್ತು ನೋಡಿದ್ರು.

"ಸರಿ ಮಾರಾಯ. ಮ್ಯಾನೇಜರ್ ಕೆಲಸದಿಂದ ನಿನ್ನ ತೆಗೆದಿದೀನಿ. ಟೀಮು ಇರ್ಲಿ."

ಆ ಹುದ್ದೆ ನನಗೆ ಕಲಿಸಿದ್ದು ಇಷ್ಟು: ಟೀಮು ಸೋತ್ರೆ ಹನ್ನೊಂದು ಜನನ್ನ ಕಳ್ಸೋಕಾಗಲ್ಲ, ಒಬ್ಬನ್ನ ಕಳ್ಸಬಹುದು. ಮ್ಯಾನೇಜರ್ ಅಂತ ಒಬ್ಬನ್ನ ಇಟ್ಕೊಳ್ಳೋದೇ ಅದಕ್ಕೆ.

ಈ ವರ್ಷ ಮ್ಯಾಚೆಲ್ಲ ನಾಲ್ಕು ಗಂಟೆ ಒಳಗೇ ಮುಗಿಸ್ತಿದಾರೆ. ಆ ಐಡಿಯಾ ನಂದೇ.