ಮೇಸ್ತ್ರಿ ‘ಚಾಲು’ ಎಂದದ್ದು

‘ಹೈಟೆಕ್’ ಎಂಬ ಮಾತು ಹೈದರಾಬಾದಿನವರ ಬಾಯಿಗೆ ಇನ್ನೂ ಹೊಸದಾಗಿದ್ದ ವರ್ಷಗಳವು. ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಲ್ಲಿ ದುಡಿಯುವ ಹುಡುಗರಿಗೆ ಶನಿವಾರವಾದರೆ ಕೆರೆಯ ದಂಡೆ ಬೇಕಾಗುತ್ತದೆಂದು ಅಪ್ಪನಿಗೆ ಹೊಳೆಯಿತು. ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಊರಾಚೆಯ ಕೆರೆಯ ಪಕ್ಕ ನಾಲ್ಕು ಕಾಟೇಜು ಕಟ್ಟಿಸತೊಡಗಿದರು. ಭಾನುವಾರ ನಾವೆಲ್ಲ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹಿಮಾಯತ್‌ನಗರದಿಂದ ಅಲ್ಲಿಗೆ ಹೋಗುತ್ತಿದ್ದೆವು. ಹಸಿ ಸಿಮೆಂಟಿಗೆ ಪಾಚಿ ಬೆರೆತ ವಾಸನೆ ನೆನಪಿದೆ. ಅದು ನನ್ನ ನೆನಪೋ, ಅವ್ವ ಹೇಳಿ ಹೇಳಿ ನನ್ನದಾದದ್ದೋ, ಖಾತ್ರಿಯಿಲ್ಲ.

ಮೇಸ್ತ್ರಿ ನರಸಿಂಹುಲು ತೆಲುಗಿನವರು. ಕೂಲಿಯ ಎಲ್ಲಪ್ಪ ಯಾದಗಿರಿ ಕಡೆಯವನು. ನನ್ನನ್ನು ‘ಸಣ್ಣ ಸಾವಕಾರ್ತಿ’ ಎಂದು ಕಾಡಿಸುತ್ತಿದ್ದ. ನನಗಾಗ ಒಂಬತ್ತು ವರ್ಷ. ಕಾಂಕ್ರೀಟ್ ಕಲಸುವ ಮಿಕ್ಸರಿನ ಸ್ವಿಚ್ಚು ನಾನೇ ಒತ್ತಬೇಕೆಂದು ಒಂದು ಭಾನುವಾರ ಬೆಳಗಿನಿಂದ ಅಪ್ಪನ ಬೆನ್ನು ಹತ್ತಿದ್ದೆ.

“ಆತು. ಸುಮ್ಮಸುಮ್ಮನ ಒತ್ತಬ್ಯಾಡ. ಚಾಲೂ ಅಂದಮ್ಯಾಲೆ ಒತ್ತು,” ಎಂದರು.

ಎಲ್ಲಪ್ಪ ಡ್ರಮ್ಮಿನೊಳಗೆ ಕೈಯಿಟ್ಟು ಅಂಟಿದ ಗಾರೆ ಕೆರೆಯುತ್ತಿದ್ದ. ಅವನ ಬೆನ್ನು ನನಗೆ ಕಾಣುತ್ತಿತ್ತು. ಮೇಸ್ತ್ರಿ ಬಗ್ಗಿ ನೋಡಿ, “ಚಾಲು, ಚಾಲು,” ಎಂದರು. ತೆಲುಗಿನಲ್ಲಿ ಅದಕ್ಕೆ ಸಾಕು ಎಂದರ್ಥ. ನಮ್ಮ ಮನೆಯ ಕನ್ನಡದಲ್ಲಿ ಶುರು ಮಾಡು ಎಂದರ್ಥ. ನಾನು ಒತ್ತಿದೆ.

ಆಸ್ಪತ್ರೆಯಲ್ಲಿ ಎಲ್ಲಪ್ಪನ ಬಲಗೈಯನ್ನು ಮೊಣಕೈಯ ಕೆಳಗೆ ಕತ್ತರಿಸಿದರು.

ಮರುದಿನ ಅಪ್ಪ ಎದುರು ಕೂಡಿಸಿಕೊಂಡು ಕೇಳಿದರು: “ನಿನಗ ಏನ್ ಕೇಳಿಸ್ತು?”

“ಚಾಲೂ ಅಂತ.”

“ಅಷ್ಟ ಹೇಳು. ಮುಂದ ಒಂದು ಮಾತೂ ಬ್ಯಾಡ.”

ಎಲ್ಲಪ್ಪನೂ ನನ್ನ ಪರವೇ ನಿಂತ. ಹಾಸಿಗೆಯಲ್ಲಿ ಮಲಗಿಕೊಂಡೇ, “ಕನ್ನಡದ ಕೂಸರೀ ಅದು, ಅದಕ್ಕೇನ್ ಗೊತ್ತಾಕೈತಿ? ಆ ಮೇಸ್ತ್ರಿ ಬಾಯಿ ಮುಚ್ಕೊಂಡಿದ್ರ ನನ್ನ ಕೈ ಉಳೀತಿತ್ತು,” ಎಂದ.

ಅಪ್ಪ ಮೇಸ್ತ್ರಿಯನ್ನು ಕೆಲಸದಿಂದ ತೆಗೆದರು. ಹೊರಡುವ ಮುಂಚೆ ಅವರು ಎಲ್ಲರೆದುರು ನನ್ನ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. “ಬಿಡ್ಡಾ, ನೀಕು ತೆಲುಗು ಒಸ್ತದಿ ಕದಾ? ಚಾಲು ಅಂಟೆ ಏಂದೊ ಚೆಪ್ಪು.” ನಿನಗೆ ತೆಲುಗು ಬರುತ್ತದಲ್ಲ ಮಗಳೇ, ಚಾಲು ಅಂದರೇನು, ಹೇಳು.

ಬರುತ್ತಿತ್ತು. ಶಾಲೆಯಲ್ಲಿ ದಿನಾ ಮಧ್ಯಾಹ್ನ ಆಯಾ ಸಾರು ಬಡಿಸುವಾಗ ತಟ್ಟೆಗೆ ಕೈ ಅಡ್ಡ ಹಿಡಿದು ನಾನು ಅನ್ನುತ್ತಿದ್ದುದು ಅದೇ ಮಾತು. ನಾನು ಅಪ್ಪನ ಕಡೆ ತಿರುಗಿದೆ.

“ಇವರು ಏನಂತಾರ, ಅಪ್ಪಾ? ನನಗ ತಿಳೀವಲ್ದು.”

ಮೇಸ್ತ್ರಿ ಎದ್ದು ಹೋದರು.

ಕಾಟೇಜುಗಳು ಚೆನ್ನಾಗಿ ನಡೆದವು. ಎಲ್ಲಪ್ಪನನ್ನು ಗೇಟು ಕಾಯಲು ಇಟ್ಟುಕೊಂಡರು. ಕಂಪನಿಯ ಹುಡುಗರು ಊಟಕ್ಕೆ ಕೂತಾಗ ಅಪ್ಪ, “ಎಲ್ಲಪ್ಪಾ, ಬಾ ಇಲ್ಲೆ, ಕೈ ತೋರಸು,” ಎಂದು ಕರೆದು, ಎರಡು ಭಾಷೆಯ ತಮಾಷೆಯೆಂಬಂತೆ ಕಥೆ ಹೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಎಲ್ಲಪ್ಪನೂ. ಕಾಲೇಜಿಗೆ ಬಂದ ಮೇಲೆ ನಾನು ಅಪ್ಪನಿಗಿಂತ ಚೆನ್ನಾಗಿ ಹೇಳುತ್ತಿದ್ದೆ.

ಈಗ ಆ ಕೆರೆ ಮುಚ್ಚಿಹೋಗಿದೆ, ಕಾಟೇಜುಗಳಿದ್ದಲ್ಲಿ ಅಪಾರ್ಟ್‌ಮೆಂಟುಗಳಿವೆ. ಅದಕ್ಕಾಗಿ ಮರುಗುವುದು ಸುಲಭ. ಆ ಗಳಿಗೆಯಲ್ಲಿ ನನ್ನ ಕಿವಿಗೆ ಬಿದ್ದದ್ದು ಯಾವ ಭಾಷೆಯ ಮಾತು ಎಂದು ಎಷ್ಟು ಕೆದಕಿದರೂ ಸಿಗುವುದಿಲ್ಲ. ಹೇಳಿ ಹೇಳಿ, ನಗಿಸಿ ನಗಿಸಿ ಅದನ್ನು ಸವೆಸಿಬಿಟ್ಟಿದ್ದೇನೆ. ಎಲ್ಲಪ್ಪ ಸಾಯುವವರೆಗೂ ಮೇಸ್ತ್ರಿಗೆ ಶಾಪ ಹಾಕುತ್ತಿದ್ದ. ಪಕ್ಕದಲ್ಲಿ ಕೂತು ನಾನು ಹೂಂಗುಟ್ಟುತ್ತಿದ್ದೆ.