ಒಂದು ಗೇಣು ಕಿಟಕಿ

ಮೊನ್ನೆ ಗೇಟಿಗೆ ಬಣ್ಣ ಬಳಿಯಲು ಬಂದವನು ಕೆಲಸ ಮುಗಿಸಿ ಅಂಗಳದಲ್ಲೇ ಕುಳಿತು ಬ್ರಷ್ ತೊಳೆಯುತ್ತಿದ್ದ. ನಾನು ಅಡುಗೆಮನೆಯಲ್ಲಿ ಮಗಳಿಗೆಂದು ಅಂಟಿನ ಉಂಡಿ ಕಟ್ಟುತ್ತಿದ್ದೆ. ಅವನು ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ವಾಸನೆ ನೇರವಾಗಿ ನನ್ನ ಮೂಗಿಗೆ ಬಂದು ಬಡಿಯಿತು. ಚಿಮಣಿ ಎಣ್ಣೆ! ರೇಷನ್ನಿನಲ್ಲಿ ಸೀಮೆಎಣ್ಣೆ ಕೊಡುವುದು ನಿಂತು ಎಷ್ಟೋ ವರ್ಷಗಳಾದವು, ಈ ಪುಣ್ಯಾತ್ಮನಿಗೆ ಎಲ್ಲಿ ಸಿಕ್ಕಿತೋ. ಕೈಯಲ್ಲಿದ್ದ ಉಂಡಿ ಕೈಯಲ್ಲೇ ಪುಡಿಯಾಯಿತು. ಒಳಕೋಣೆಯಲ್ಲಿ ಮಗಳು ಹಸಿ ಬಾಣಂತಿ. ಹಾಗೇ ಎದ್ದು ಓಡಿಹೋಗಿ ಆಕೆಯ ಕಿಟಕಿ ನೋಡಿದೆ.

ಎಣ್ಣಿ ಕಾಕಾ ನೆನಪಾದರು.

ನಾನು ಹಿರೇವಡ್ಡಟ್ಟಿಯಿಂದ ಲಕ್ಷ್ಮೇಶ್ವರಕ್ಕೆ ಸೊಸೆಯಾಗಿ ಬಂದಾಗ ನಮ್ಮ ಓಣಿಗೆ ಗ್ಯಾಸ್ ಸಿಲಿಂಡರ್ ಇನ್ನೂ ಬಂದಿರಲಿಲ್ಲ. ಚಹಾ ಕಾಸುವುದಕ್ಕೂ, ಕಟ್ಟಿಗೆ ಹಸಿಯಿದ್ದರೆ ನೀರು ಕಾಸುವುದಕ್ಕೂ ಬತ್ತಿ ಸ್ಟೋವೇ ಗತಿ. ಎರಡು ದಿನಕ್ಕೊಮ್ಮೆ ಊಟದ ಹೊತ್ತು ಕಳೆದ ಮೇಲೆ ಕಾಕಾ ನೀಲಿ ಪೀಪಾಯಿಯ ಕೈಗಾಡಿ ತಳ್ಳಿಕೊಂಡು ಬರುತ್ತಿದ್ದರು. ತೆಳ್ಳಗಿನ ಆಳು, ತಲೆಗೆ ಬಿಳಿ ಟೊಪ್ಪಿಗೆ, ಎಣ್ಣೆ ಕುಡಿದು ಕುಡಿದು ಕಪ್ಪಾಗಿದ್ದ ಉಗುರು. ಗಾಡಿಗೆ ಒಂದು ಪುಟ್ಟ ಗಂಟೆ. ಗಂಟೆ ಬಾರಿಸಿ "ಎಣ್ಣೀ..." ಎಂದು ಒಮ್ಮೆ ಕೂಗುತ್ತಿದ್ದರು, ಅಷ್ಟೇ.

ಜನಕ್ಕೆ ಅವರೆಂದರೆ ಒಂಥರಾ ಅಂಜಿಕೆ. ಯಾಕೆಂದರೆ ಎಣ್ಣೆ ಅಳೆಯುವ ಮೊದಲು ಪ್ರತಿ ಮನೆಯಲ್ಲೂ ಒಂದೇ ಮಾತು ಕೇಳುತ್ತಿದ್ದರು. "ಒಳಗ ಯಾರರ ಮಲ್ಕೊಂಡಾರೇನ್ರೀ?" ಕೇಳಿ, ಲೀಟರಿನ ಮಾಪು ಕೈಯಲ್ಲೇ ಹಿಡಿದು, ಮನೆಯ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತ ಸುಮ್ಮನೆ ನಿಂತುಬಿಡುತ್ತಿದ್ದರು. ಒಳಗಿನಿಂದ ಕೆಮ್ಮೋ ಮಾತೋ ಕೇಳಿಸಿದ ಮೇಲೇ ಎಣ್ಣೆ. ಹೀಗೆ ಕೇಳಿದ ಒಂದು ಮನೆಯಲ್ಲಿ ವಾರದೊಳಗೆ ಮುದುಕಿಯೊಬ್ಬಳು ತೀರಿಕೊಂಡಳು. ಮುಗಿಯಿತಲ್ಲ! "ಆ ಎಣ್ಣಿಯಾಂವ ಕೇಳಿದ ಮನ್ಯಾಗ ಹೆಣ ಬೀಳತೈತಿ" ಎಂದು ನೀರಿನ ಸಾಲಿನಲ್ಲಿ ನಿಂತವರೆಲ್ಲ ಆಡಿಕೊಂಡರು. ಎಣ್ಣೆ ಮಾತ್ರ ಅವರ ಹತ್ತಿರವೇ ಕೊಂಡರು.

ನಾನು ತುಂಬಿದ ಬಸುರಿ ಇದ್ದಾಗ, ಅತ್ತೆ ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ, ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಹಂಗ್ಯಾಕ ನೋಡ್ತೀರಿ ಕಾಕಾ, ಅಂತ. ಅವರು ನನ್ನ ಹೊಟ್ಟೆಯ ಕಡೆ ನೋಡಿ ತಲೆ ತಗ್ಗಿಸಿದರು.

"ನನ್ನ ಮಗಳೂ ಬಾಣಂತಿ ಇದ್ಲು, ತಂಗೆವ್ವಾ. ಥಂಡಿ ಭಾಳ ಅಂತ ಖೋಲಿ ಮುಚ್ಚಿ ಸ್ಟೋ ಹಚ್ಚಿಟ್ವಿ. ನಾನ ತಂದ ಎಣ್ಣಿ. ಮುಂಜಾನೆ ಹೋಗಿ ನೋಡಿದ್ರ ತಾಯಿ, ಕೂಸು ಇಬ್ರೂ ಮಲಗಿದಂಗ ಇದ್ರು. ಮಾರಿ ಮ್ಯಾಲೆ ನಗಿ ಇತ್ತವಾ... ನಗಿ." ಕೈಬೆರಳು ಅಗಲಿಸಿ ತೋರಿಸಿದರು. "ಒಂದ್ ಗೇಣು. ಒಂದ ಗೇಣು ಕಿಟಕಿ ತೆರದಿಡ್ರಿ, ಸಾಕು."

ನನ್ನ ಬಾಯಿ ಸುಮ್ಮನಿರಬೇಕಲ್ಲ! ಅತ್ತೆ ಬಂದ ಕೂಡಲೇ ಎಲ್ಲವನ್ನೂ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಬಾಣಂತನದಲ್ಲಿ ಸತ್ತ ಹೆಣ್ಣು ಇನ್ನೊಬ್ಬ ಬಾಣಂತಿಯನ್ನು ಹುಡುಕಿಕೊಂಡು ತಿರುಗುತ್ತಾಳೆಂದು ನಮ್ಮ ಕಡೆ ಎಲ್ಲರೂ ನಂಬಿದ್ದ ಕಾಲ. ಅಂಥವಳ ತಂದೆಯೇ ಮನೆಮನೆಯ ಕಿಟಕಿ ನೋಡುತ್ತಾನೆಂದರೆ?

"ಆಕಿ ಅವನ ಗಾಡಿ ಹಿಂದ ಬರ್ತಾಳ. ಒಳಗ ಬರಾಕ ದಾರಿ ಬೇಕಲ್ಲ, ಅದಕ್ಕ ಕಿಟಕಿ ತೆರೀರಿ ಅಂತಾನ!" ಅಂದರು ಅತ್ತೆ.

ನನಗೆ ತವರಿನಲ್ಲಿ ತಾಯಿ ಇರಲಿಲ್ಲ. ಬಾಣಂತನ ಅತ್ತೆಯ ಕೈಯಲ್ಲೇ ಆಯಿತು. ಸುಳ್ಳು ಹೇಳಬಾರದು, ಹೆತ್ತ ತಾಯಿ ಕೂಡ ಅಷ್ಟು ಮಾಡುತ್ತಿರಲಿಲ್ಲ. ಹೆಣ್ಣುಮಗು ಹುಟ್ಟಿದ ದಿನವೇ ಹಳೆಯ ಕೌದಿ ಹರಿದು ಕಿಟಕಿಯ ಸಂದುಗಳಿಗೆಲ್ಲ ಬಿಗಿಯಾಗಿ ತುರುಕಿದರು. ಹೊಸ್ತಿಲಿಗೆ ಬೇವಿನ ಸೊಪ್ಪು, ತಲೆದಿಂಬಿನ ಕೆಳಗೆ ಕುಡುಗೋಲು. ಮಲಗುವ ಹೊರಸಿನ ಕೆಳಗೆ ಇದ್ದಿಲಿನ ಶಗಡಿ. ಬಾಗಿಲಷ್ಟೇ ತೆರೆದಿರುತ್ತಿತ್ತು.

ಹನ್ನೆರಡನೆಯ ದಿನದ ಹೊತ್ತಿಗೆ ಅಕಾಲದ ಜಡಿಮಳೆ ಹಿಡಿಯಿತು. ಮೂರು ದಿನ ಬಿಡಲೇ ಇಲ್ಲ. ಇದ್ದಿಲು, ಕುಳ್ಳು ಎಲ್ಲ ನೆಂದುಹೋದವು. ಅತ್ತೆ ಸ್ಟೋವನ್ನೇ ಕೋಣೆಗೆ ತಂದು ಹಚ್ಚಿ, ಕಾವು ಹರಡಲೆಂದು ಅದರ ಮೇಲೆ ರೊಟ್ಟಿ ಹಂಚು ಇಟ್ಟರು. ಮಧ್ಯಾಹ್ನ ನನಗೆ ಎರೆದು, ಲೋಬಾನ ಹಾಕಿ, ಬಾಗಿಲು ಎಳೆದುಕೊಂಡು ಹಿತ್ತಲಿಗೆ ಹೋದರು.

ಮೊದಲು ಹಣೆ ಭಾರವಾಯಿತು. ಆಮೇಲೆ ಎಂಥ ಸುಖದ ಬಿಸುಪು ಅಂತೀರಿ... ಕೈಕಾಲು ನನ್ನವಲ್ಲ ಅನ್ನಿಸಿತು. ಮಗು ಕುಂಯ್‌ಗುಟ್ಟುತ್ತಿದ್ದದ್ದು ನಿಂತಿತು. ಅದು ನಿಂತದ್ದು ನನಗೆ ಗೊತ್ತಾಯಿತು, ಆದರೆ ತಲೆ ಹೊರಳಿಸಲು ಆಗಲಿಲ್ಲ. ಆಗ ನೋಡಿದೆ. ಹೊರಸಿನ ಕಾಲದೆಸೆಯಲ್ಲಿ ಒಬ್ಬಳು ಕುಳಿತಿದ್ದಳು. ನನ್ನಂತೆಯೇ ತಲೆಗೆ ಬಟ್ಟೆ ಕಟ್ಟಿದ್ದಳು, ಕಿವಿಯಲ್ಲಿ ಅರಳೆ. ಮುಖದ ಮೇಲೆ ನಗು. ನಗುತ್ತಲೇ ಕಿಟಕಿಯ ಕಡೆ ನೋಡುವಳು, ನನ್ನ ಕಡೆ ನೋಡುವಳು, ಮತ್ತೆ ಕಿಟಕಿಯ ಕಡೆ. ಯಾರೆಂದು ನಾನು ಕೇಳಲಿಲ್ಲ. ಹೆದರಿಕೆಯೂ ಆಗಲಿಲ್ಲ. ಈಗ ನೆನೆದರೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ.

ಹೊರಗೆ ಗಂಟೆಯ ಸದ್ದಾಯಿತು.

"ಒಳಗ ಯಾರರ ಮಲ್ಕೊಂಡಾರೇನ್ರೀ?"

ಇದ್ದೀನಿ ಕಾಕಾ, ಅಂದೆ. ನಾಲಿಗೆ ಏಳಲಿಲ್ಲ. ಅವರು ಇನ್ನೊಮ್ಮೆ ಕೇಳಿದರು. ಮೂರನೆಯ ಸಲ ಕೇಳಿದಾಗ ಅವರ ದನಿ ಒಡೆದಿತ್ತು. ಆಮೇಲೆ ಕಬ್ಬಿಣದ ಮಾಪು ಕಿಟಕಿಗೆ ಬಡಿದ ಸದ್ದು. ಗಾಜು ಸಿಡಿಯಿತು, ಕೌದಿಯ ಚಿಂದಿಗಳು ಒಂದೊಂದಾಗಿ ಹೊರಗೆ ಹೋದವು. ಕಪ್ಪು ಉಗುರಿನ ಕೈಯೊಂದು ಒಳಗೆ ಬಂತು. ಅದರ ಹಿಂದೆಯೇ ಮಳೆಯ ತಣ್ಣನೆ ಗಾಳಿ. ನಾನು ಉಸಿರು ಎಳೆದುಕೊಂಡೆ. ಕಾಲದೆಸೆಯಲ್ಲಿ ಯಾರೂ ಇರಲಿಲ್ಲ.

ಅತ್ತೆ ಓಡಿ ಬಂದರು, ಓಣಿಯೇ ಕೂಡಿತು. "ಬಾಣಂತಿ ಖೋಲಿಗೆ ಕೈ ಹಾಕ್ತೀಯೇನೋ!" ಎಂದು ಯಾರೋ ಕಾಕಾರ ಕೊರಳಪಟ್ಟಿ ಹಿಡಿದರು. ಅವರದು ಒಂದೇ ಮಾತು. "ಕೂಸು ಅಳಾಕ ಹತ್ತೀತೇನ್ರಿ? ಮೊದಲ ಅದನ್ನ ನೋಡ್ರಿ..." ಅತ್ತೆ ಮಗುವನ್ನು ಎತ್ತಿಕೊಂಡು ಹೊರಗೆ ತಂದರು. ಎಷ್ಟೋ ಹೊತ್ತಿನ ಮೇಲೆ ಅದು ಅತ್ತಿತು. ಆ ದನಿ ಕೇಳಿದ್ದೇ ಕಾಕಾ ಕೆಸರಿನಲ್ಲೇ ಕುಕ್ಕರಿಸಿಬಿಟ್ಟರು. ಅಷ್ಟರಲ್ಲಿ ಜನ ಗಾಡಿ ಉರುಳಿಸಿದ್ದರು. ಎಣ್ಣೆ ಮಳೆನೀರಿನಲ್ಲಿ ಬಣ್ಣಬಣ್ಣವಾಗಿ ಗಟಾರಕ್ಕೆ ಹರಿಯಿತು.

ನಾನು ವಾಂತಿ ಮಾಡಿಕೊಂಡು ಬಿದ್ದಿದ್ದೆ. ಪಕ್ಕದ ಮನೆಯಿಂದ ಕೆಂಡ ತಂದು, ದೃಷ್ಟಿಗೆಂದು ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಅದಕ್ಕೆ ಹಾಕಿದರು. ಘಾಟು ಬರಲಿಲ್ಲ. ಒಡೆದ ಕಿಟಕಿಯಿಂದ ಗಾಳಿ ಬೀಸುತ್ತಿರುವಾಗ ಘಾಟು ನಿಲ್ಲುವುದಾದರೂ ಹೇಗೆ? "ನೋಡ್ರಿ, ಎಷ್ಟು ಕೆಟ್ಟ ಕಣ್ಣು ಬಡದೈತಿ" ಅಂದರು ಕೂಡಿದ ಹೆಂಗಸರು.

ಸಂಜೆ ಗಂಡ ಬಂದು ಕೇಳಿದರು. "ಏನಾತು? ಖರೆ ಹೇಳು. ಆಂವ ಏನ್ ಮಾಡಿದಾ?"

ನನಗೆ ಎಲ್ಲವೂ ಗೊತ್ತಿತ್ತು. ಆ ಗಾಳಿ ಮುಖಕ್ಕೆ ಬಡಿದ ಗಳಿಗೆಯಲ್ಲೇ ಗೊತ್ತಾಗಿತ್ತು. ಆದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು, ಒದ್ದೆ ಸೀರೆಯಲ್ಲೇ, ಮಗುವನ್ನು ಅವುಚಿಕೊಂಡು. ನಿಮ್ಮ ಕೈಯಿಂದಲೇ ನಾವು ಸಾಯುತ್ತಿದ್ದೆವು ಎಂದು ಅವರೆದುರು ಹೇಗೆ ಹೇಳಲಿ?

"ನಂಗೇನೂ ಗೊತ್ತಿಲ್ಲ. ನಿದ್ದಿ ಹತ್ತಿತ್ತು" ಅಂದೆ.

ಆ ಮಾತಿನೊಂದಿಗೆ ಕಾಕಾ ನಮ್ಮ ಓಣಿಗೆ ಹೊರಗಿನವರಾದರು. ಸುದ್ದಿ ಹಬ್ಬಿ ಉಳಿದ ಓಣಿಗಳವರೂ ಎಣ್ಣೆ ಕೊಳ್ಳುವುದನ್ನು ಬಿಟ್ಟರು. ಮುಂಡರಗಿ ಕಡೆ ಹೋದರೆಂದು ಒಬ್ಬರು, ಶಿರಹಟ್ಟಿಯಲ್ಲಿ ನೋಡಿದೆವೆಂದು ಇನ್ನೊಬ್ಬರು. ಎರಡೂ ಊರು ಏನು ಮಹಾ ದೂರ? ಹುಡುಕಿಕೊಂಡು ಹೋಗಬಹುದಿತ್ತು. ನಾನು ಹೋಗಲಿಲ್ಲ. ಅದಕ್ಕೆ ನೆಪ ಹೇಳುವುದಿಲ್ಲ, ನಾಚಿಕೆಯಾಗುತ್ತದೆ. ಅತ್ತೆ ಮಾತ್ರ ಮರುದಿನವೇ ಹೊಸ ಗಾಜು ಹಾಕಿಸಿ, ಬಾಣಂತನ ಮುಗಿಯುವ ತನಕ ಆ ಕಿಟಕಿಯನ್ನು ಒಂದು ಗೇಣು ತೆರೆದಿಟ್ಟರು. ಯಾಕೆಂದು, ತೀರಿಕೊಳ್ಳುವವರೆಗೂ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಆವತ್ತು ಮಳೆಯಲ್ಲಿ ಅತ್ತ ಕೂಸೇ ಈಗ ನನ್ನ ಬೆಟಗೇರಿಯ ಮನೆಯಲ್ಲಿ ಬಾಣಂತಿ. ಮೊನ್ನೆ ಓಡಿಹೋಗಿ ನೋಡಿದರೆ ಸೊಳ್ಳೆ ಬರುತ್ತವೆಂದು ಕಿಟಕಿ ಮುಚ್ಚಿ, ಸಂದಿಗೆ ದುಪಟ್ಟಾ ತುರುಕಿದ್ದಳು. ಮೂಲೆಯಲ್ಲಿ ಕರೆಂಟಿನ ಹೀಟರ್ ಕೆಂಪಗೆ ಉರಿಯುತ್ತಿತ್ತು. ಅದರಲ್ಲಿ ಎಣ್ಣೆಯಿಲ್ಲ, ಹೊಗೆಯಿಲ್ಲ, ಗೊತ್ತು. ಆದರೂ ಬಾಗಿಲಲ್ಲಿ ನಿಂತು, ಮಗುವಿನ ಸದ್ದು ಕೇಳುವವರೆಗೆ ಕದಲಲಿಲ್ಲ.

"ಅವ್ವಾ, ನೀ ಹಂಗ ನಿಂತು ನೋಡಬ್ಯಾಡ. ಎದಿ ಝಲ್ ಅಂತೈತಿ" ಅಂದಳು ಮಗಳು.

ನಾನು ದುಪಟ್ಟಾ ಎಳೆದು ಕಿಟಕಿಯನ್ನು ಒಂದು ಗೇಣು ತೆರೆದೆ. ಹೊರಸಿನ ಕಾಲದೆಸೆಯಲ್ಲಿ ಕುಳಿತು, ಇಷ್ಟು ವರ್ಷ ಯಾರಿಗೂ ಹೇಳದ್ದನ್ನೆಲ್ಲ ಆಕೆಗೆ ಹೇಳಿದೆ. ನಾನು ಹೇಳಿದ ಸುಳ್ಳನ್ನೂ ಬಿಡಲಿಲ್ಲ. ಆಕೆ ಮಗುವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅವ್ರ ಹೆಸರೇನಿತ್ತವಾ?"

ನೆನಪಿಲ್ಲ ಅನ್ನೋಣವೆಂದರೆ, ಮರೆಯುವುದಕ್ಕಾದರೂ ಗೊತ್ತಿರಬೇಕಲ್ಲ. ಮೂರು ವರ್ಷ ಅವರ ಕೈಯಿಂದ ಎಣ್ಣೆ ಹಾಕಿಸಿಕೊಂಡೆವು. ಒಬ್ಬರೂ ಅವರ ಹೆಸರು ಕೇಳಿರಲಿಲ್ಲ.

ಕಿಟಕಿಯಿಂದ ಥಂಡಿ ಗಾಳಿ ಬರುತ್ತಿತ್ತು. ಮಗಳು ಮುಚ್ಚು ಅನ್ನಲಿಲ್ಲ.