ತಮ್ಮನ ಮಾತ್ರೆ ನಿಲ್ಲಿಸಿದವನು ನಾನೇ

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ನನ್ನ ತಮ್ಮ ಕೊಟ್ರೇಶ ತನ್ನ ಕೊರಳಿನ ಲಿಂಗವನ್ನು ತೆಗೆದು ನನ್ನ ಕೈಗಿಟ್ಟ.

'ನೀನೇ ಇಟ್ಕೋ ಅಣ್ಣ. ನನ್ನ ಕೈಯಾಗ ಅದು ಸುಮ್ಮನ ಕುಂದ್ರವಲ್ದು' ಎಂದ.

ನಮ್ಮಂಥವರ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಕೂಸಿದ್ದಾಗ ಕಟ್ಟಿದ ಲಿಂಗ. ಸ್ನಾನಕ್ಕೆ ಹೋದರೂ ಮೈಮೇಲೇ ಇರಬೇಕು. ಅದನ್ನು ಬಿಚ್ಚಿ ಇನ್ನೊಬ್ಬರ ಕೈಗೆ ಕೊಟ್ಟವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದವನು ನಾನೇ ಎಂದು ಒಳಗೆ ಗೊತ್ತಿತ್ತು.

ಕೊಟ್ಟೂರಿನಲ್ಲಿ ನಮ್ಮದು ಮೋಟಾರು ರಿವೈಂಡಿಂಗ್ ಅಂಗಡಿ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ರೈತರು ನಮ್ಮಲ್ಲಿಗೆ ತರುತ್ತಾರೆ. ನಾನು ಬಿಚ್ಚುತ್ತೇನೆ, ಕೊಟ್ರೇಶ ತಂತಿ ಸುತ್ತುತ್ತಾನೆ. ಸುತ್ತುವುದೆಂದರೆ ಎಣಿಸುವುದು. ಒಂದು ತಂತಿ ಸುರುಳಿಗೆ ಇಷ್ಟು ಸುತ್ತು ಎಂದರೆ ಇಷ್ಟೇ. ನಡುವೆ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ. ಕೊಟ್ರೇಶ ತಪ್ಪುತ್ತಿರಲಿಲ್ಲ. ರೇಡಿಯೋ ಹಾಡುತ್ತಿದ್ದರೂ, ನಾನು ಗಿರಾಕಿಯ ಜೊತೆ ಜಗಳಾಡುತ್ತಿದ್ದರೂ ಅವನ ತುಟಿ ಅಲ್ಲಾಡುತ್ತಲೇ ಇರುತ್ತಿತ್ತು.

ಹೋದ ವರ್ಷ ಅವನು ತಪ್ಪತೊಡಗಿದ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ತಂತಿ ಕೈಯಲ್ಲಿ ಹಿಡಿದು ಗೋಡೆ ನೋಡುತ್ತಾ ಕೂತುಬಿಡುತ್ತಿದ್ದ. ಹರಪನಹಳ್ಳಿಗೆ ವಾರಕ್ಕೊಮ್ಮೆ ಬರುವ ಮನೋವೈದ್ಯೆಯೊಬ್ಬರ ಹತ್ತಿರ ನನ್ನ ಹೆಂಡತಿ ಸುಮಾ ಅವನನ್ನು ಕರೆದುಕೊಂಡು ಹೋದಳು. (ನಾನು ಹೋಗಲಿಲ್ಲ. ಅಂಗಡಿ ಇತ್ತು. ಅಂಗಡಿ ಯಾವಾಗಲೂ ಇರುತ್ತದೆ.) ಖಿನ್ನತೆ ಎಂದರು, ಮಾತ್ರೆ ಬರೆದುಕೊಟ್ಟರು. ನಿಧಾನಕ್ಕೆ ಊಟ ಸೇರಿತು, ನಿದ್ದೆ ಬಂತು. ಒಂದು ದಿನ ನನ್ನ ಹೊಸ ಚಪ್ಪಲಿ ನೋಡಿ 'ಏನಣ್ಣ, ಎರಡನೇ ಮದುವಿ ಐತೇನು?' ಎಂದು ನಕ್ಕ.

ಅಷ್ಟಾದ ಮೇಲೆ ಸುಮ್ಮನಿರಬೇಕಲ್ಲವೆ? ನಾನೆಲ್ಲಿ ಇರುತ್ತೇನೆ!

ಹಡಗಲಿ ಕಡೆಯ ಗಿರಾಕಿಯೊಬ್ಬ ಮೋಟಾರು ಒಯ್ಯಲು ಬಂದಿದ್ದ. ನೀರಿನ ಕೊಡದ ಪಕ್ಕ ಬಿದ್ದಿದ್ದ ಮಾತ್ರೆಯ ಸ್ಟ್ರಿಪ್ ಎತ್ತಿ ತಿರುಗಿಸಿ ನೋಡಿದ. 'ಇದು ತಲಿ ಕೆಟ್ಟೋರ ಮಾತ್ರಿ ಅಲ್ಲೇನ್ರಿ? ನಮ್ಮ ಸಡ್ಡಕಗ ಇದನ್ನ ಕೊಡ್ತಿದ್ರು. ಯಾರಿಗ್ರೀ ಇದು?'

'ಬಿಪಿದು. ನಂದು' ಎಂದೆ.

ಕೊಟ್ರೇಶ ಅಲ್ಲೇ ಕೂತಿದ್ದ. ತಲೆ ಎತ್ತಲಿಲ್ಲ. ಸುತ್ತುತ್ತಲೇ ಇದ್ದ.

ಆ ಸಂಜೆ ನಾನು ಅವನಿಗೆ ಹೇಳಿದೆ: 'ಈಗ ಆರಾಮ ಆಗೀಯಲ್ಲ. ಇನ್ನ ಆ ಮಾತ್ರಿ ಯಾಕ? ನಮ್ಮ ಹಿರೇರೇನು ಮಾತ್ರಿ ನುಂಗ್ತಿದ್ರಾ? ಮುಂಜಾನೆ ಎದ್ದು ಲಿಂಗ ಅಂಗೈಯಾಗ ಇಟ್ಕೊಂಡು ನೆಟ್ಟಗ ನೋಡಿಕೋಂತ ಕುಂದ್ರು. ಮನಸು ತಾನೇ ನಿಂದರ್ತೈತಿ.'

ನೋಡಿ, ಮಾತು ಎಷ್ಟು ಚೆನ್ನಾಗಿದೆ! ಆದರೆ ಅದು ಬಂದದ್ದು ಭಕ್ತಿಯಿಂದಲ್ಲ. ಹಗರಿಬೊಮ್ಮನಹಳ್ಳಿಯಿಂದ ಅವನಿಗೆ ಹೆಣ್ಣಿನ ಮಾತು ಬಂದಿತ್ತು. ಬೀಗರಾಗುವವರು ಬಂದಾಗ ಆ ಸ್ಟ್ರಿಪ್ ಕಣ್ಣಿಗೆ ಬೀಳಬಾರದು. ಇಷ್ಟೇ ನನ್ನ ತಲೆಯಲ್ಲಿದ್ದದ್ದು. ನನ್ನ ನಾಚಿಕೆಗೆ ವಿಭೂತಿ ಹಚ್ಚಿ ಅವನ ಮುಂದೆ ಇಟ್ಟೆ.

ಅಣ್ಣ ಹೇಳಿದನಲ್ಲ, ಅವನು ಮಾತ್ರೆ ಬಿಟ್ಟ. ಸುಮಾಗೂ ಹೇಳಲಿಲ್ಲ.

ಮರುದಿನದಿಂದ ಪೂಜೆ. ಅವನ ಎದುರಿಗೆ ನಾನೂ ಕೂರುತ್ತಿದ್ದೆ. ಪೂಜೆಗಲ್ಲ, ಚೆಕ್ ಮಾಡಲು. 'ರೆಪ್ಪಿ ಬಡದಿ.' 'ಕೈ ನಡಗಾಕತ್ತೈತಿ.' 'ಲೇ, ಮನಸು ಎಲ್ಲೈತಿ?' ಮೋಟಾರಿಗೆ ಮೀಟರ್ ಹಿಡಿದಂತೆ ತಮ್ಮನಿಗೆ ಕಣ್ಣು ಹಿಡಿದು ಕೂತಿದ್ದೆ. ನನ್ನ ಮನಸ್ಸು ಎಲ್ಲಿತ್ತು ಎಂದು ಕೇಳುವವರು ಯಾರೂ ಇರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ತೊಡೆಯ ಪಕ್ಕ ಬೋರಲು ಇಟ್ಟಿದ್ದ ಫೋನಿನಲ್ಲಿತ್ತು. ಅದು ಗುರ್ ಎಂದರೆ ಮೈ ಜುಂ ಎನ್ನುತ್ತಿತ್ತು. ನನ್ನ ಸ್ಟೇಟಸ್ ಯಾರು ನೋಡಿದರೋ? 'ಸಕಾರಾತ್ಮಕವಾಗಿ ಯೋಚಿಸಿ' ಎಂಬ ಸೂರ್ಯೋದಯದ ಚಿತ್ರ ದಿನಾ ಹಾಕುತ್ತಿದ್ದೆ. ಎರಡು ಮಾರು ದೂರದಲ್ಲಿ ಕೂತ ತಮ್ಮನಿಗೂ ಕಳಿಸುತ್ತಿದ್ದೆ.

ಕೆಲವೇ ವಾರಗಳಲ್ಲಿ ನಿದ್ದೆ ಮತ್ತೆ ಹೋಯಿತು. ಅವನು ಸುತ್ತಿದ್ದ ಮೋಟಾರೊಂದು ಹರಪನಹಳ್ಳಿ ಕಡೆಯ ಅರಸೀಕೆರೆಯಿಂದ ವಾಪಸ್ ಬಂತು. ತಂದ ರೈತ ಅದನ್ನು ಧೊಪ್ಪನೆ ಇಳಿಸಿ, 'ನೀರು ಎತ್ತು ಅಂದ್ರ ಇದು ಹೊಗಿ ಎತ್ತಾಕತ್ತೈತಿ ನೋಡ್ರಿ' ಎಂದ. ಅವನ ಎದುರೇ ನಾನು ತಮ್ಮನನ್ನು ಬೈದೆ. ಏಕಾಗ್ರತೆ ಇಲ್ಲ, ಶ್ರದ್ಧೆ ಇಲ್ಲ, ಧೈರ್ಯ ಇಲ್ಲ ಎಂದೆ.

ಈಗ ಕೂತು ಯೋಚಿಸಿದರೆ ಒಂದು ವಿಷಯ ವಿಚಿತ್ರ ಅನಿಸುತ್ತದೆ. ಕರೆಂಟಿನ ಮೂರು ಫೇಸಿನಲ್ಲಿ ಒಂದು ಫೇಸ್ ಹೋದರೆ ಓಡುತ್ತಿರುವ ಮೋಟಾರು ತಕ್ಷಣ ನಿಲ್ಲುವುದಿಲ್ಲ. ಗುಂಯ್ ಎನ್ನುತ್ತಾ, ಕಷ್ಟಪಡುತ್ತಾ ಎಳೆಯುತ್ತದೆ. ಒಳಗೇ ಸುಡುತ್ತದೆ. ಹೊರಗಿನ ಬಣ್ಣ ಹಾಗೇ ಇರುತ್ತದೆ. ಅಂಥ ಎಷ್ಟೋ ಮೋಟಾರುಗಳನ್ನು ಬಿಚ್ಚಿದ್ದೇನೆ. 'ಧೈರ್ಯ ತಗೋ' ಎಂದು ಒಂದಕ್ಕೂ ಹೇಳಿಲ್ಲ.

ನಾನು ಬೈದ ಮರುದಿನವೇ ಅವನು ಲಿಂಗ ತಂದು ನನ್ನ ಕೈಗಿಟ್ಟದ್ದು. 'ಎಷ್ಟು ನೋಡಿದ್ರೂ ಏನೂ ಆಗವಲ್ದು ಅಣ್ಣ. ಶಿವಗೂ ನಾ ಬ್ಯಾಡಾಗೀನಿ ಕಾಣ್ತೈತಿ' ಎಂದ.

ಮೊದಲು ಅವನಿಗೆ ಒಂದು ಕಾಯಿಲೆ ಇತ್ತು. ನಾನು ಅದರ ಮಾತ್ರೆ ಕಿತ್ತುಕೊಂಡು, ಮೇಲೊಂದು ಹೊಸದನ್ನು ಕೊಟ್ಟಿದ್ದೆ. ದೇವರಿಗೂ ಬೇಡವಾದವನು ಎಂಬ ಕಾಯಿಲೆ.

ಒಳಗಿನಿಂದ ಬಂದ ಸುಮಾ ನನ್ನ ಅಂಗೈ ನೋಡಿದಳು, ಅವನ ಬರಿ ಕೊರಳು ನೋಡಿದಳು. ಮಾತ್ರೆಯ ವಿಷಯ ಆಗ ಹೊರಬಿತ್ತು. ಅವಳು ಕೂಗಾಡಲಿಲ್ಲ. 'ನಿಮ್ಮ ಸಕ್ಕರಿ ಕಾಯಿಲಿ ಮಾತ್ರಿನೂ ಬಿಡ್ರಿ ಹಂಗಾದ್ರ. ನೀವೂ ನೋಡಿಕೋಂತ ಕುಂದರ್ರಿ, ಸಕ್ಕರಿ ಇಳೀತೈತೇನೋ' ಎಂದಳು.

ಅಂಗಡಿಗೆ ಬೀಗ ಹಾಕಿ, ಮೂವರೂ ಹರಪನಹಳ್ಳಿ ಬಸ್ಸು ಹತ್ತಿದೆವು. ಆವತ್ತು ಡಾಕ್ಟರು ಬರುವ ದಿನವಾಗಿದ್ದು ನನ್ನ ಪುಣ್ಯ.

'ಮಾತ್ರೆ ಯಾರು ನಿಲ್ಲಿಸಿದ್ದು?' ಡಾಕ್ಟರಮ್ಮನ ಮೊದಲ ಪ್ರಶ್ನೆ.

'ನಾನೇ ಮೇಡಂ' ಎಂದ ಕೊಟ್ರೇಶ.

ನಾನು ಫ್ಯಾನು ನೋಡಿದೆ. ಅವರು ಅವನಿಗೆ ಬೈಯಲು ಶುರುಮಾಡಿದರು. ಹೀಗೆ ಒಮ್ಮೆಲೇ ಬಿಡಬಾರದು, ಇಳಿಸುವುದಿದ್ದರೂ ನಾವು ನೋಡಿಕೊಂಡು ಇಳಿಸಬೇಕು, ನಿಮ್ಮ ಜೀವದ ಮೇಲೆ ನಿಮಗೇ ಕಾಳಜಿ ಇಲ್ಲವೇ ಎಂದರು. ಅವನು ತಲೆ ತಗ್ಗಿಸಿ ಕೇಳುತ್ತಿದ್ದ. ಸುಮಾ ಮೊಣಕೈಯಿಂದ ತಿವಿದಳು.

'ಅವನಲ್ರೀ ಮೇಡಂ. ನಾನು' ಎಂದೆ.

ಅವರು ಪೆನ್ನು ಕೆಳಗಿಟ್ಟು, ನನಗೂ ಅರ್ಥವಾಗುವ ಹಾಗೆ ಹೇಳಿದರು. ಮೆದುಳಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ಒಯ್ಯುವ ರಾಸಾಯನಿಕಗಳಿವೆಯಂತೆ. ನಿದ್ದೆ, ಹಸಿವು, ಹೆದರಿಕೆ, ಖುಷಿ, ಎಲ್ಲದರಲ್ಲೂ ಅವುಗಳ ಪಾತ್ರವಿದೆಯಂತೆ. ನನಗೆ ಹುರುಪು ಬಂತು. 'ಅಂದ್ರ ಎಣ್ಣಿ ಕಮ್ಮಿ ಆಗೈತಿ, ಹಾಕಿದ್ರ ಓಡ್ತೈತಿ ಅಂದಂಗಾತು' ಎಂದೆ.

'ಅಷ್ಟು ಸುಲಭ ಇದ್ದಿದ್ರೆ ನೀವೇ ರಿಪೇರಿ ಮಾಡ್ತಿದ್ರಿ ಬಿಡಿ' ಎಂದರು.

ಕೊಟ್ರೇಶನ ತುಟಿಯ ಒಂದು ಮೂಲೆ ಸ್ವಲ್ಪ ಸರಿಯಿತು. ನಗುವೆಂದು ಹೇಳಲಾರೆ.

ಯಾವುದೋ ಒಂದು ಕಮ್ಮಿಯಾಯಿತು, ತುಂಬಿಸಿದರೆ ಮುಗಿಯಿತು ಎಂಬ ಲೆಕ್ಕ ಅಲ್ಲವಂತೆ. ಮನೆಯವರು ಆಡುವ ಮಾತು, ನಿದ್ದೆಗೆಡುವುದು, ಒಳಗೆ ಇಟ್ಟುಕೊಂಡ ಚಿಂತೆ, ಎಲ್ಲವೂ ಅಲ್ಲಿಗೆ ಮುಟ್ಟುತ್ತವಂತೆ. ಮನೆಯವರ ಮಾತು ಎಂದಾಗ ನನ್ನ ಕಡೆ ನೋಡಿದಂತಿತ್ತು. (ನೋಡಿಲ್ಲದಿರಬಹುದು. ಕಳ್ಳನಿಗೆ ಎಲ್ಲರೂ ನೋಡಿದಂತೆಯೇ ಇರುತ್ತದೆ.)

ಪೂಜೆಯ ಬಗ್ಗೆಯೂ ಕೇಳಿದೆ. ಬೇಡ ಎನ್ನುತ್ತಾರೆಂದು ಎಣಿಸಿದ್ದೆ. ಅವರು ಅನ್ನಲಿಲ್ಲ.

'ನಾವೂ ಮೈಂಡ್‌ಫುಲ್‌ನೆಸ್ ಅಂತ ಹೇಳಿಕೊಡ್ತೀವಿ. ಉಸಿರು ನೋಡ್ತಾ ಕೂರೋದು. ಯೋಚನೆ ಬಂದ್ರೆ ಬಂತು, ಹೋದ್ರೆ ಹೋಯ್ತು. ಅದಕ್ಕೆ ಯಾರೂ ಮಾರ್ಕ್ಸ್ ಹಾಕಬಾರದು. ಈಗ ಬಲವಂತ ಬೇಡ. ಮುಂದೆ ಅವರಿಗೇ ಬೇಕು ಅನಿಸಿದಾಗ ಪೂಜೆ ಮಾಡ್ಲಿ, ಮಾತ್ರೆ ಜೊತೆಗೆ. ಮಾತ್ರೆ ಬದಲಿಗೆ ಅಲ್ಲ.'

ನಾನು ಎದುರಿಗೆ ಕೂತು ಹಾಕಿದ್ದು ಅದನ್ನೇ. ಮಾರ್ಕ್ಸು.

ಆವತ್ತಿನಿಂದ ಎರಡು ಲಿಂಗ ನನ್ನ ಬಳಿ ಇದ್ದವು. ನನ್ನದು ಕೊರಳಲ್ಲಿ, ಅವನದು ದೇವರ ಜಗಲಿಯ ಮೇಲೆ. ದಿನಾ ಅವನ ಪಾಲಿನ ಪೂಜೆಯನ್ನೂ ನಾನೇ ಮಾಡಿದೆ. ಬೆಳಿಗ್ಗೆ ಫೋನನ್ನು ಅಡುಗೆಮನೆಯಲ್ಲಿ ಇಡತೊಡಗಿದೆ. ಮೊದಮೊದಲು ಅದು ಗುರ್ ಎನ್ನದಿದ್ದರೂ ಎಂದಂತೆ ಕೇಳುತ್ತಿತ್ತು. ಇದೂ ನನ್ನ ತಲೆಯ ರಸಾಯನವೇ ಇರಬೇಕು. ಅವನ ಮೆದುಳಿನ ಬಗ್ಗೆ ಅಷ್ಟು ಮಾತಾಡಿದ ನನಗೆ, ಒಂದು ಸಣ್ಣ ಸದ್ದಿಗೆ ಕಿವಿ ನೆಟ್ಟ ನನ್ನ ಮೆದುಳು ಕಂಡಿರಲೇ ಇಲ್ಲ.

ಹಗರಿಬೊಮ್ಮನಹಳ್ಳಿಯವರಿಗೆ ಇದ್ದದ್ದನ್ನು ಇದ್ದಂತೆ ಹೇಳಿಸಿದೆ. ಅವರು ಇನ್ನೂ ಬಂದಿಲ್ಲ. ಬಂದರೂ ಬರಬಹುದು. 'ಬರದಿದ್ರ ಚಾ-ಸಕ್ಕರಿ ಉಳೀತು ಬಿಡು' ಎಂದ ಕೊಟ್ರೇಶ. ಮಾತ್ರೆಯ ಸ್ಟ್ರಿಪ್ ಈಗ ಅಂಗಡಿಯಲ್ಲಿ ನೀರಿನ ಕೊಡದ ಪಕ್ಕವೇ ಇರುತ್ತದೆ. ಕೇಳಿದವರಿಗೆ ಅವನೇ ಹೇಳುತ್ತಾನೆ. ನಾನು ಬಾಯಿ ಹಾಕುವುದಿಲ್ಲ.

(ಇದನ್ನು ಅವನಿಗೆ ಓದಿ ತೋರಿಸಿಯೇ ಕಳಿಸುತ್ತಿದ್ದೇನೆ. 'ಬೈದಿದ್ದು ಇನ್ನಾ ಇತ್ತು, ಕಮ್ಮಿ ಬರದೀ' ಎಂದ.)

ಮೊನ್ನೆ ಸೋಮವಾರ ಅವನು ಸ್ನಾನ ಮಾಡಿ ಬಂದು ನನ್ನ ಮುಂದೆ ನಿಂತು ಎಡಗೈ ಚಾಚಿದ. ಏನು ಎಂಬಂತೆ ನೋಡಿದೆ.

'ಕೊಡು. ಸುಮ್ಮನ ಕುಂದರ್ತೀನಿ. ಶಿವನ್ನ ಏನೂ ಕೇಳಾಂಗಿಲ್ಲ.'

ಜಗಲಿಯಿಂದ ತೆಗೆದು ಅವನ ಅಂಗೈಯಲ್ಲಿಟ್ಟೆ. ಅವನು ಕೂತ. ಅಭ್ಯಾಸಬಲ ನೋಡಿ, ನಾನೂ ಎದುರಿಗೆ ಕೂತೆ.

'ನೀ ಆ ಕಡಿ ನೋಡಣ್ಣ' ಎಂದ.

ಗೋಡೆಯ ಕಡೆ ತಿರುಗಿದೆ. ಇಷ್ಟು ಸಣ್ಣ ಕೆಲಸ ನನಗೆ ಮೊದಲೇ ಯಾಕೆ ಬರಲಿಲ್ಲ?